ಶತ್ರು ಸುಮ್ಮನೆ ದಾಟಿ ಹೋಗದಂತೆ ಫೈಟರ್ ಕಟ್ಟುವುದು ಹೇಗೆ?

ಪ್ರಶ್ನೆ: ನಾವು ಐದು ಜನ ಗೆಳೆಯರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ, ಒಂದೊಂದು ಪಾತ್ರವಾಗಿ ಆಡುವ ಆಟ) ಆಡುತ್ತೇವೆ. ಐದನೇ ಆವೃತ್ತಿ, 2014ರ ನಿಯಮಗಳು. ನನ್ನದು ಮನುಷ್ಯ ಫೈಟರ್ (ಹೋರಾಟಗಾರ), ಅದರಲ್ಲಿ ಚಾಂಪಿಯನ್ ಶಾಖೆ, ಎರಡೂ ಕೈಯಲ್ಲಿ ಶಾರ್ಟ್‌ಸೋರ್ಡ್. ಸ್ಟ್ರೆಂಗ್ತ್ 14, ಡೆಕ್ಸ್ಟೆರಿಟಿ 16, ಕಾನ್‌ಸ್ಟಿಟ್ಯೂಷನ್ 12, ಇಂಟೆಲಿಜೆನ್ಸ್ 13, ವಿಸ್ಡಮ್ 12, ಕರಿಸ್ಮಾ 12. ಪ್ರತಿ ಕಾಳಗದಲ್ಲೂ ಶತ್ರುಗಳು ನನ್ನ ಪಕ್ಕದಿಂದಲೇ ಓಡಿ ಹೋಗಿ ನಮ್ಮ ವಿಜರ್ಡ್ (ಮಂತ್ರವಾದಿ) ಮೇಲೆ ಬೀಳುತ್ತಾರೆ. ನಾನು ಕತ್ತಿ ಬೀಸುತ್ತಲೇ ಇರುತ್ತೇನೆ, ಗೆಲ್ಲಿಸುವವರು ಬೇರೆಯವರು. ‘ಗ್ರೇಟ್ ವೆಪನ್ ಮಾಸ್ಟರ್ ತಗೋ, ಎಲ್ಲ ಸರಿಹೋಗುತ್ತೆ’ ಅಂತ ಆ ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಪರಿಣತಿ) ಬಗ್ಗೆ ಒಬ್ಬ ಗೆಳೆಯ ಹೇಳುತ್ತಾನೆ. ಈಗ ನಾಲ್ಕನೇ ಲೆವೆಲ್‌ಗೆ ಬರುತ್ತಿದ್ದೇನೆ. ಪಾತ್ರವನ್ನು ಮೊದಲಿಂದ ಕಟ್ಟಿಕೊಳ್ಳಲು ಡಿಎಂ (ಆಟ ನಡೆಸುವವರು) ಒಪ್ಪಿದ್ದಾರೆ. ಹೇಗೆ ಕಟ್ಟಲಿ?

ಉತ್ತರ: ನಿಮ್ಮ ತೊಂದರೆ ಡ್ಯಾಮೇಜ್‌ನದು ಅಲ್ಲ. ಅದನ್ನು ಮೊದಲು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಏಕೆಂದರೆ ಗೆಳೆಯರ ಸಲಹೆ ಈ ಒಂದು ಕಡೆಯೇ ದಾರಿ ತಪ್ಪಿದೆ.

ಎರಡು ಕತ್ತಿಯ ಫೈಟಿಂಗ್ ಸ್ಟೈಲ್ ಇದ್ದರೆ ನಿಮ್ಮ ಒಂದೊಂದು ಏಟು ಒಂದು ಡಿ6 (ಆರು ಮುಖದ ದಾಳ) ಮತ್ತು 3, ಅಂದರೆ ಸರಾಸರಿ 6.5. ಎರಡೂ ತಗಲಿದರೆ 13. ಇದೇ ಮೂರನೇ ಲೆವೆಲ್‌ನಲ್ಲಿ ಸ್ಟ್ರೆಂಗ್ತ್ 16 ಇರುವ ಗ್ರೇಟ್‌ಸೋರ್ಡ್ ಫೈಟರ್, 1 ಮತ್ತು 2 ಬಿದ್ದ ದಾಳಗಳನ್ನು ಮತ್ತೆ ಉರುಳಿಸುವ ಸ್ಟೈಲ್ ಇಟ್ಟುಕೊಂಡೂ ಸರಾಸರಿ 11.3 ಮಾತ್ರ ಹೊಡೆಯುತ್ತಾನೆ. ಸದ್ಯಕ್ಕೆ ನೀವೇ ಮುಂದಿದ್ದೀರಿ. ಹೀಗಿದ್ದೂ ಶತ್ರು ನಿಮ್ಮನ್ನು ಲೆಕ್ಕಕ್ಕೆ ಇಡುತ್ತಿಲ್ಲ. ಯಾಕೆ?

ಒಂದು ಓಗರ್‌ನ (ರಾಕ್ಷಸ ಜಾತಿಯ ದೈತ್ಯ) ಕಡೆಯಿಂದ ನೋಡಿ. ಅದರ ಎಚ್‌ಪಿ (ಜೀವಬಲ) 59, ಎಸಿ (ಏಟು ತಗಲಲು ದಾಳದ ಒಟ್ಟು ಮುಟ್ಟಬೇಕಾದ ಅಂಕ) 11. ಅದು ನಿಮ್ಮ ಪಕ್ಕದ ಚೌಕದಿಂದ ಹೊರಟು ವಿಜರ್ಡ್ ಕಡೆಗೆ ನಡೆದರೆ ನಿಮಗೆ ಸಿಗುವುದು ಒಂದೇ ಒಂದು ಆಪರ್ಚುನಿಟಿ ಅಟ್ಯಾಕ್ (ಅಳವಿನಿಂದ ಹೊರಹೋಗುವ ಶತ್ರುವಿಗೆ ಅವನ ಸರದಿಯಲ್ಲೇ ಕೊಡುವ ಏಟು), ಅದೂ ಒಂದೇ ಕತ್ತಿಯಿಂದ. ಎರಡನೇ ಕತ್ತಿ ಬೋನಸ್ ಆಕ್ಷನ್‌ನದು, ಅದು ನಿಮ್ಮ ಟರ್ನ್‌ನಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ. ಇಪ್ಪತ್ತು ಮುಖದ ದಾಳಕ್ಕೆ ನಿಮ್ಮ +5 ಸೇರಿಸಿ ಎಸಿ 11 ಮುಟ್ಟಲು 6 ಬಿದ್ದರೆ ಸಾಕು, ಅಂದರೆ ಶೇಕಡಾ 75. ಸರಾಸರಿ ಲೆಕ್ಕದಲ್ಲಿ ನಿಮ್ಮನ್ನು ದಾಟಲು ಓಗರ್ ತೆರುವ ಸುಂಕ 5 ಎಚ್‌ಪಿ. ಅದಕ್ಕೆ ಪ್ರತಿಯಾಗಿ ಅದಕ್ಕೆ ಸಿಗುವುದು ನಿಮ್ಮ ತಂಡದಲ್ಲಿ ಎಲ್ಲರಿಗಿಂತ ಮೆತ್ತಗಿನ ಮೈ, ಜೊತೆಗೆ ಆ ವಿಜರ್ಡ್ ಹಿಡಿದುಕೊಂಡಿರುವ ಕಾನ್ಸಂಟ್ರೇಷನ್ (ಏಕಾಗ್ರತೆ ಇರುವವರೆಗೆ ಮಾತ್ರ ನಡೆಯುವ) ಮಂತ್ರ ಮುರಿಯುವ ಅವಕಾಶ. ನಿಮ್ಮ ಡಿಎಂ ಓಗರ್‌ನನ್ನು ಸರಿಯಾಗಿಯೇ ಆಡಿಸುತ್ತಿದ್ದಾರೆ.

ಆದ್ದರಿಂದ ನಾನು ಫೈಟರ್‌ನ ಬಲ ಅಳೆಯುವುದು ಒಂದೇ ಪ್ರಶ್ನೆಯಿಂದ: ಇವನನ್ನು ದಾಟಿ ಹೋಗಲು ಶತ್ರುವಿಗೆ ಎಷ್ಟು ನಷ್ಟ? ಕಬಡ್ಡಿಯಲ್ಲಿ ಮೂಲೆಯಲ್ಲಿ ನಿಂತು ರೈಡರ್‌ನ ಕಾಲು ಹಿಡಿಯುವವನು ಅಂಕಣದಲ್ಲಿ ಎಲ್ಲರಿಗಿಂತ ಹೆಚ್ಚು ಓಡುವವನಲ್ಲ, ಆದರೂ ರೈಡರ್ ಕಣ್ಣಿಡುವುದು ಅವನ ಮೇಲೇ. ನಿಮ್ಮ ಫೈಟರ್ ಆ ಜಾಗಕ್ಕೆ ಬರಬೇಕು. ಅಂಕಿಗಳು, ಆಯುಧ, ಫೀಟ್, ಎಲ್ಲವನ್ನೂ ಇದೇ ಕೆಲಸಕ್ಕೆ ಹೊಂದಿಸೋಣ.

ಮೊದಲು ಅಂಕಿಗಳು. ಅಂಕಿಗಳನ್ನು ಕೊಳ್ಳಲು ಸಿಗುವ ನಿಮ್ಮ 27 ಪಾಯಿಂಟ್‌ಗಳು ಆರೂ ಕಡೆ ಚೆಲ್ಲಿ ಹೋಗಿವೆ. ಇಂಟೆಲಿಜೆನ್ಸ್ 13 ಮತ್ತು ಕರಿಸ್ಮಾ 12 ನಿಮ್ಮ ಫೈಟರ್‌ಗೆ ಕಾಳಗದಲ್ಲಿ ಏನನ್ನೂ ಕೊಡುವುದಿಲ್ಲ. ಡಿಎಂ ಒಪ್ಪಿದರೆ ಮಾಮೂಲಿ ಮನುಷ್ಯನನ್ನು ಬಿಟ್ಟು ವೇರಿಯಂಟ್ ಹ್ಯೂಮನ್ ತೆಗೆದುಕೊಳ್ಳಿ: ಎರಡು ಅಂಕಿಗೆ ಒಂದೊಂದು ಹೆಚ್ಚಳ, ಒಂದು ಸ್ಕಿಲ್, ಮೊದಲ ಲೆವೆಲ್‌ನಲ್ಲೇ ಒಂದು ಫೀಟ್. ಸ್ಟ್ರೆಂಗ್ತ್ 15, ಕಾನ್‌ಸ್ಟಿಟ್ಯೂಷನ್ 15, ವಿಸ್ಡಮ್ 13, ಡೆಕ್ಸ್ಟೆರಿಟಿ 10, ಕರಿಸ್ಮಾ 10, ಇಂಟೆಲಿಜೆನ್ಸ್ 8. ಇವುಗಳ ಬೆಲೆ ಕೂಡಿದರೆ ಸರಿಯಾಗಿ 27 ಪಾಯಿಂಟ್. ಹೆಚ್ಚಳ ಸೇರಿ ಸ್ಟ್ರೆಂಗ್ತ್ ಮತ್ತು ಕಾನ್‌ಸ್ಟಿಟ್ಯೂಷನ್ ಎರಡೂ 16 ಆಗುತ್ತವೆ. ವಿಸ್ಡಮ್‌ಅನ್ನು ಬೆಸ ಸಂಖ್ಯೆಯಲ್ಲಿ ನಿಲ್ಲಿಸಿದ್ದಕ್ಕೆ ಕಾರಣ ಮುಂದೆ ಬರುತ್ತದೆ. ಸ್ಕಿಲ್‌ಗಳಲ್ಲಿ ಅಥ್ಲೆಟಿಕ್ಸ್ ಇರಲೇಬೇಕು.

ಕಾನ್‌ಸ್ಟಿಟ್ಯೂಷನ್ ಯಾಕೆ ಅಷ್ಟು ಮುಖ್ಯ ಅಂದರೆ, 12 ಇದ್ದಾಗ ನಾಲ್ಕನೇ ಲೆವೆಲ್‌ನಲ್ಲಿ ನಿಮ್ಮ ಎಚ್‌ಪಿ 32, 16 ಇದ್ದಾಗ 40. ಮುಂದೆ ನಿಲ್ಲುವವನಿಗೆ ಈ 8 ಅಂದರೆ ಇನ್ನೊಂದು ಏಟು ತಡೆದುಕೊಂಡು ನಿಲ್ಲುವ ಶಕ್ತಿ.

ಮೈಮೇಲೆ ಚೈನ್‌ಮೇಲ್ ಹಾಕಿ. ಎಸಿ 16, ಡೆಕ್ಸ್ಟೆರಿಟಿಯ ಹಂಗಿಲ್ಲ. ಫೈಟಿಂಗ್ ಸ್ಟೈಲ್‌ನಲ್ಲಿ ಡಿಫೆನ್ಸ್ ತೆಗೆದುಕೊಂಡರೆ 17. ಬಂಗಾರ ಕೂಡುತ್ತಾ ಬಂದಂತೆ ಸ್ಪ್ಲಿಂಟ್ (17), ಆಮೇಲೆ 1500 ಚಿನ್ನದ ನಾಣ್ಯದ ಪ್ಲೇಟ್ (18). ಈ ಮೂರರಲ್ಲೂ ಸದ್ದಿಲ್ಲದೆ ನುಸುಳುವುದು ಕಷ್ಟ, ಸ್ಟೆಲ್ತ್‌ಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಕಡಿಮೆಯದನ್ನು ಎಣಿಸುವುದು) ಬೀಳುತ್ತದೆ. ನಿಮ್ಮ ತಂಡ ಪ್ರತಿ ಬಾಗಿಲನ್ನೂ ಗುಟ್ಟಾಗಿ ತೆರೆಯುವ ಜಾತಿಯದಾದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಈಗ ಆಯುಧ ಮತ್ತು ಫೀಟ್. ಕೈಗೆ ಗ್ಲೇವ್ ಅಥವಾ ಹಾಲ್ಬರ್ಡ್. ಎರಡೂ ಉದ್ದ ಕೋಲಿನವು, ಡಿ10, ಹತ್ತು ಅಡಿ ದೂರ ತಲುಪುತ್ತವೆ. ಮೊದಲ ಲೆವೆಲ್‌ನ ಫೀಟ್ ಆಗಿ ಸೆಂಟಿನೆಲ್, ನಾಲ್ಕನೇ ಲೆವೆಲ್‌ನಲ್ಲಿ ಪೋಲ್‌ಆರ್ಮ್ ಮಾಸ್ಟರ್.

ಸೆಂಟಿನೆಲ್ ಮೂರು ಕೆಲಸ ಮಾಡುತ್ತದೆ. ನಿಮ್ಮ ಆಪರ್ಚುನಿಟಿ ಅಟ್ಯಾಕ್ ತಗಲಿದರೆ ಶತ್ರುವಿನ ನಡಿಗೆ ಆ ಟರ್ನ್ ಮುಗಿಯುವವರೆಗೆ ಸೊನ್ನೆ. ಡಿಸ್‌ಎಂಗೇಜ್ (ಏಟು ಬೀಳದಂತೆ ಹುಷಾರಾಗಿ ಸರಿಯುವುದು) ಮಾಡಿದವನೂ ನಿಮ್ಮ ಏಟಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಐದು ಅಡಿ ಒಳಗಿರುವ ಶತ್ರು ನಿಮ್ಮನ್ನು ಬಿಟ್ಟು ಬೇರೆಯವರಿಗೆ ಹೊಡೆದರೆ ನೀವು ರಿಯಾಕ್ಷನ್‌ನಲ್ಲಿ (ಬೇರೆಯವರ ಸರದಿಯ ನಡುವೆ ನೀವು ಮಾಡಬಹುದಾದ ಒಂದು ಕೆಲಸ) ಅವನಿಗೊಂದು ಕೊಡಬಹುದು. ಪೋಲ್‌ಆರ್ಮ್ ಮಾಸ್ಟರ್ ಎರಡು ಕೊಡುತ್ತದೆ: ಬೋನಸ್ ಆಕ್ಷನ್‌ನಲ್ಲಿ ಕೋಲಿನ ಹಿಂಬದಿಯಿಂದ ಡಿ4ರ ಇನ್ನೊಂದು ಏಟು, ಮತ್ತು ಶತ್ರು ನಿಮ್ಮ ಅಳವಿನ ಒಳಗೆ ಕಾಲಿಟ್ಟ ಕೂಡಲೇ ಆಪರ್ಚುನಿಟಿ ಅಟ್ಯಾಕ್. ಸಾಮಾನ್ಯವಾಗಿ ಶತ್ರು ಹೊರಗೆ ಹೋಗುವಾಗ ಮಾತ್ರ ಸಿಗುತ್ತಿದ್ದ ಏಟು ಈಗ ಒಳಗೆ ಬರುವಾಗಲೂ ಸಿಗುತ್ತದೆ. 2014ರ ನಿಯಮದಲ್ಲಿ ಈ ಎರಡು ಫೀಟ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುವುದು ಇಲ್ಲೇ.

ಅದೇ ಓಗರ್‌ನನ್ನು ಮತ್ತೆ ಕರೆಯೋಣ. ನೀವು ನಾಲ್ಕನೇ ಲೆವೆಲ್, ವಿಜರ್ಡ್ ನಿಮ್ಮ ಹಿಂದೆ ಐದು ಚೌಕ ದೂರ. ಓಗರ್ 35 ಅಡಿ ಆಚೆಯಿಂದ ಓಡಿ ಬರುತ್ತದೆ, ಅದರ ನಡಿಗೆ 40 ಅಡಿ. ನಿಮ್ಮಿಂದ ಎರಡನೇ ಚೌಕಕ್ಕೆ ಕಾಲಿಟ್ಟಾಗ ನಿಮ್ಮ ರಿಯಾಕ್ಷನ್: +5ರಿಂದ ಎಸಿ 11ಕ್ಕೆ ಶೇಕಡಾ 75, ತಗಲಿದರೆ ಸರಾಸರಿ 8.5 ಡ್ಯಾಮೇಜ್. ಅದಕ್ಕಿಂತ ದೊಡ್ಡದು, ಓಗರ್ ಅಲ್ಲೇ ನಿಂತಿತು. ನಿಮಗೂ ಅದಕ್ಕೂ ನಡುವೆ ಒಂದು ಖಾಲಿ ಚೌಕ, ಅದರ ಗದೆ ತಲುಪುವುದು ಐದು ಅಡಿ. ವಿಜರ್ಡ್ ಹಾಗಿರಲಿ, ನಿಮಗೂ ಅದು ಗದೆ ಬೀಸಲಾರದು. ಓಗರ್ ಹತ್ತಿರ ಜಾವೆಲಿನ್‌ಗಳಿರುತ್ತವೆ, ಅದು ಒಂದನ್ನು ಎಸೆಯುತ್ತದೆ. ಆದರೆ ಅದರ ಟರ್ನ್ ಅಲ್ಲಿಗೆ ಮುಗಿಯಿತು. ಈಗ ನಿಮ್ಮ ಸರದಿ. ಅದು ಇನ್ನೂ ನಿಮ್ಮ ಅಳವಿನಲ್ಲೇ ಇದೆ. ಎರಡು ಸಲ ಹೊಡೆದು (ಒಂದು ಡಿ10, ಒಂದು ಡಿ4) ಮತ್ತೆ ಅದೇ ದೂರದಲ್ಲಿ ನಿಲ್ಲಿ. ಮುಂದಿನ ಟರ್ನ್‌ನಲ್ಲಿ ಅದು ನಿಮ್ಮನ್ನು ಬಳಸಿಕೊಂಡು ವಿಜರ್ಡ್ ಕಡೆಗೆ ಹೊರಟರೆ, ನಿಮ್ಮ ಅಳವು ದಾಟುವ ಗಳಿಗೆಯಲ್ಲಿ ಮತ್ತೆ ಏಟು, ಮತ್ತೆ ನಿಲುಗಡೆ.

ಇದಕ್ಕಾಗಿ ಡ್ಯಾಮೇಜ್ ಬಿಟ್ಟುಕೊಡಬೇಕೇ? ಐದನೇ ಲೆವೆಲ್‌ನಲ್ಲಿ ಎಕ್ಸ್‌ಟ್ರಾ ಅಟ್ಯಾಕ್ ಬಂದಾಗ ಲೆಕ್ಕ ನೋಡಿ. ಡೆಕ್ಸ್ಟೆರಿಟಿ 18ಕ್ಕೆ ಏರಿಸಿಕೊಂಡ ಎರಡು ಕತ್ತಿಯ ನೀವು: ಮೂರು ಏಟು, ತಲಾ 7.5, ಒಟ್ಟು 22.5. ಸ್ಟ್ರೆಂಗ್ತ್ 16ರಲ್ಲೇ ಉಳಿದ ಗ್ಲೇವ್‌ನ ನೀವು: 8.5ರ ಎರಡು, 5.5ರ ಒಂದು, ಒಟ್ಟು 22.5. ಗ್ಲೇವ್‌ನವನ ಗುರಿ +6, ಕತ್ತಿಯವನದು +7, ಅಂದರೆ ಪ್ರತಿ ಏಟಿಗೆ ಶೇಕಡಾ 5 ಕಡಿಮೆ. ಆ ಕೊರತೆಯನ್ನು ಹೆಚ್ಚುಕಡಿಮೆ ಪ್ರತಿ ರೌಂಡ್ ಸಿಗುವ ರಿಯಾಕ್ಷನ್ ಏಟು ತುಂಬಿ ಮಿಗಿಸುತ್ತದೆ. ಎಸಿ ಒಂದು ಹೆಚ್ಚು, ಎಚ್‌ಪಿ ಹತ್ತು ಹೆಚ್ಚು. ಹನ್ನೊಂದನೇ ಲೆವೆಲ್‌ನಲ್ಲಿ ಮೂರನೇ ಅಟ್ಯಾಕ್ ಬಂದಾಗ ದೊಡ್ಡ ಆಯುಧ ಇನ್ನಷ್ಟು ಮುಂದೆ ಹೋಗುತ್ತದೆ, ಏಕೆಂದರೆ ಹೊಸ ಏಟು ಡಿ6ರದ್ದಲ್ಲ, ಡಿ10ರದ್ದು.

ಒಂದು ಮಿತಿಯನ್ನು ಮಾತ್ರ ಸದಾ ನೆನಪಿನಲ್ಲಿಡಿ. ರಿಯಾಕ್ಷನ್ ರೌಂಡಿಗೆ ಒಂದೇ. ಮೊದಲನೆಯವನನ್ನು ನಿಲ್ಲಿಸಿದ ಮೇಲೆ ಎರಡನೆಯವನು ಆರಾಮಾಗಿ ಹೋಗುತ್ತಾನೆ. ಅದನ್ನು ತಡೆಯುವುದು ಫೀಟ್ ಅಲ್ಲ, ನೀವು ನಿಲ್ಲುವ ಜಾಗ. ಐದು ಅಡಿಯ ಆಯುಧ ಸುತ್ತಲಿನ 8 ಚೌಕಗಳನ್ನು ಕಾಯುತ್ತದೆ, ಹತ್ತು ಅಡಿಯದು 24 ಚೌಕಗಳನ್ನು. ಹೊಸಬರು ಬಾಗಿಲು ಕಂಡ ಕೂಡಲೇ ಹೊಸ್ತಿಲ ಮೇಲೇ ಹೋಗಿ ನಿಲ್ಲುತ್ತಾರೆ. ಗ್ಲೇವ್ ಇರುವವನು ಬಾಗಿಲಿನಿಂದ ಎರಡು ಚೌಕ ಒಳಗೆ, ನೇರ ಎದುರಿಗೆ ನಿಲ್ಲಬೇಕು. ಮೊದಲ ಹಾಬ್‌ಗಾಬ್ಲಿನ್ ಹೊಸ್ತಿಲ ಚೌಕಕ್ಕೆ ಕಾಲಿಟ್ಟಾಗ ನಿಮ್ಮ ಏಟು ಬೀಳುತ್ತದೆ. ತಗಲಿತೋ, ಅವನು ಬಾಗಿಲಲ್ಲೇ ನಿಂತುಬಿಡುತ್ತಾನೆ. ಹಿಂದಿನವರು ತಮ್ಮವನ ಚೌಕ ದಾಟಬಹುದು, ಆದರೆ ಅದಕ್ಕೆ ಎರಡರಷ್ಟು ನಡಿಗೆ ಹೋಗುತ್ತದೆ, ಅದೇ ಚೌಕದಲ್ಲಿ ಟರ್ನ್ ಮುಗಿಸುವಂತೆಯೂ ಇಲ್ಲ. ಹಾಬ್‌ಗಾಬ್ಲಿನ್‌ನ ಎಸಿ 18, ಹಾಗಾಗಿ ಏಟು ತಪ್ಪುವುದೂ ಉಂಟು. ತಪ್ಪಿದಾಗ ಏನು ಅನ್ನುವುದು ಮುಂದಿನ ವಿಷಯ.

ಚಾಂಪಿಯನ್ ಬಿಡಿ, ಬ್ಯಾಟಲ್ ಮಾಸ್ಟರ್ ಆಗಿ. ಚಾಂಪಿಯನ್‌ಗೆ ಮೂರನೇ ಲೆವೆಲ್‌ನಲ್ಲಿ ಸಿಗುವುದು 20 ಮಾತ್ರವಲ್ಲ, 19 ಬಿದ್ದರೂ ಕ್ರಿಟಿಕಲ್ (ಡ್ಯಾಮೇಜ್ ದಾಳ ಇಮ್ಮಡಿಯಾಗುವ ಏಟು). ಅಂದರೆ ಪ್ರತಿ ಏಟಿಗೆ ಶೇಕಡಾ 5 ಹೆಚ್ಚು ಸಲ ಇನ್ನೊಂದು ಡಿ10. ಮೇಲಿನ ಮೂರು ಏಟುಗಳಿಗೆ ಲೆಕ್ಕ ಹಾಕಿದರೆ ರೌಂಡಿಗೆ ಒಂದು ಪಾಯಿಂಟ್ ಡ್ಯಾಮೇಜ್ ಕೂಡ ಆಗುವುದಿಲ್ಲ, ಸುಮಾರು 0.7. ಮೇಜಿನ ಮೇಲೆ 19 ಬಿದ್ದಾಗ ಆಗುವ ಖುಷಿ ದೊಡ್ಡದು, ಒಪ್ಪುತ್ತೇನೆ. ಆದರೆ ಬ್ಯಾಟಲ್ ಮಾಸ್ಟರ್‌ಗೆ ಪ್ರತಿ ಶಾರ್ಟ್ ರೆಸ್ಟ್‌ಗೂ ನಾಲ್ಕು ಡಿ8 ದಾಳಗಳು, ಅವನ್ನು ಖರ್ಚು ಮಾಡಿ ಬಳಸುವ ಮೂರು ಮನೂವರ್‌ಗಳು.

ಆ ಮೂರರಲ್ಲಿ ಮೊದಲನೆಯದು ಪ್ರಿಸಿಷನ್ ಅಟ್ಯಾಕ್ ಆಗಿರಲಿ. ಏಟಿನ ದಾಳ ಉರುಳಿಸಿದ ಮೇಲೂ, ಏಟಿನ ಪರಿಣಾಮ ಜಾರಿಯಾಗುವ ಮುಂಚೆ, ಒಂದು ಡಿ8 ಸೇರಿಸಬಹುದು. ಬಾಗಿಲಲ್ಲಿ ಹಾಬ್‌ಗಾಬ್ಲಿನ್‌ಗೆ ನಿಮ್ಮದು ಒಟ್ಟು 15 ಬಂತು, ಬೇಕಾಗಿದ್ದು 18. ಡಿ8ರಲ್ಲಿ 3 ಅಥವಾ ಹೆಚ್ಚು ಬೀಳಬೇಕು, ಎಂಟರಲ್ಲಿ ಆರು ಪಾಲು ಸಾಧ್ಯತೆ. ಶತ್ರುವನ್ನು ನಿಲ್ಲಿಸುವ ಏಟಿಗೇ ಈ ದಾಳಗಳನ್ನು ಉಳಿಸಿ. ಎರಡನೆಯದು ಗೋಡಿಂಗ್ ಅಟ್ಯಾಕ್: ವಿಸ್ಡಮ್ ಸೇವ್ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ತಪ್ಪಿದ ಶತ್ರುವಿಗೆ ನಿಮ್ಮ ಮುಂದಿನ ಟರ್ನ್ ಮುಗಿಯುವವರೆಗೆ ಬೇರೆಯವರ ಮೇಲಿನ ಪ್ರತಿ ಅಟ್ಯಾಕ್‌ಗೂ ಡಿಸ್‌ಅಡ್ವಾಂಟೇಜ್. ಓಗರ್‌ನ ಆ ಜಾವೆಲಿನ್‌ಗೆ ಮದ್ದು ಇದೇ. ಮೂರನೆಯದು ಟ್ರಿಪ್ ಅಟ್ಯಾಕ್. ಬೀಳಿಸಿದ ಶತ್ರುವಿನ ಮೇಲೆ ಐದು ಅಡಿಯೊಳಗಿನಿಂದ ಹೊಡೆಯುವವರಿಗೆ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚಿನದು), ದೂರದಿಂದ ಬಾಣ ಬಿಡುವವರಿಗೆ ಡಿಸ್‌ಅಡ್ವಾಂಟೇಜ್. ಹತ್ತು ಅಡಿಯಿಂದ ಗ್ಲೇವ್ ಬೀಸುವ ನಿಮಗೂ ಡಿಸ್‌ಅಡ್ವಾಂಟೇಜೇ. ಹಾಗಾಗಿ ಬೀಳಿಸಿದ ಮೇಲೆ ಹತ್ತಿರ ಹೋಗಿ, ತಂಡದ ಬಿಲ್ಲುಗಾರನಿಗೆ ಮೊದಲೇ ಹೇಳಿಬಿಡಿ. ರಿಪೋಸ್ಟ್ ಹೆಸರು ಕೇಳಿ ಅನೇಕರು ಮರುಳಾಗುತ್ತಾರೆ. ಅದು ರಿಯಾಕ್ಷನ್ ತಿನ್ನುತ್ತದೆ, ನಿಮ್ಮ ರಿಯಾಕ್ಷನ್‌ಗೆ ಅದಕ್ಕಿಂತ ಒಳ್ಳೆಯ ಕೆಲಸವಿದೆ.

ಆರನೇ ಲೆವೆಲ್‌ನಲ್ಲಿ ಸ್ಟ್ರೆಂಗ್ತ್ 18 ಮಾಡಿ, ಅದರಲ್ಲಿ ಚರ್ಚೆ ಇಲ್ಲ. ಎಂಟನೇ ಲೆವೆಲ್‌ನಲ್ಲಿ ನಿಮ್ಮ ಗೆಳೆಯನ ಸಲಹೆ ಬರುತ್ತದೆ. ಗ್ರೇಟ್ ವೆಪನ್ ಮಾಸ್ಟರ್‌ನಲ್ಲಿ ಗುರಿಯಿಂದ 5 ಕಳೆದು ಡ್ಯಾಮೇಜ್‌ಗೆ 10 ಸೇರಿಸಬಹುದು. ಅದನ್ನು ಸ್ಟ್ರೆಂಗ್ತ್ 20ರ ಜೊತೆ ಹೋಲಿಸಿ, ಕ್ರಿಟಿಕಲ್ ಬಿಟ್ಟು ಲೆಕ್ಕ ಮಾಡೋಣ. ಎಸಿ 15ರ ಶತ್ರುವಿಗೆ ಮೂರು ಏಟುಗಳಿಂದ ಫೀಟ್ ತೆಗೆದುಕೊಂಡವನಿಗೆ ಸರಾಸರಿ 22 ಚಿಲ್ಲರೆ, ಸ್ಟ್ರೆಂಗ್ತ್ ಏರಿಸಿದವನಿಗೆ 20. ಎಸಿ 18ಕ್ಕೆ ಬಂದರೆ ಫೀಟ್‌ನವನಿಗೆ 14, ಸ್ಟ್ರೆಂಗ್ತ್‌ನವನಿಗೆ 15.7. ತಕ್ಕಡಿ ತಿರುಗುವುದು ಎಸಿ 16 ಮತ್ತು 17ರ ನಡುವೆ. ನಿಮ್ಮ ಕ್ಲೆರಿಕ್ ಬ್ಲೆಸ್ ಹಾಕುವವರಾದರೆ ಪ್ರತಿ ಏಟಿಗೆ ಒಂದು ಡಿ4 ಸೇರುವುದರಿಂದ ಫೀಟ್ ಕಡೆ ತೂಕ ಹೆಚ್ಚು. ಒಟ್ಟಿನಲ್ಲಿ ಇದು ಒಳ್ಳೆಯ ಫೀಟ್, ಆದರೆ ಗೆಳೆಯ ಹೇಳಿದಷ್ಟು ಪವಾಡವಿಲ್ಲ. ಗುರಿಯಲ್ಲಿ 5 ಕಳೆದುಕೊಂಡು ನಿಲ್ಲಿಸುವ ಏಟನ್ನು ತಪ್ಪಿಸಿಕೊಳ್ಳುವುದು ನಿಮ್ಮ ಪಾತ್ರಕ್ಕೆ ಬೇರೆಯವರಿಗಿಂತ ದುಬಾರಿ. ರಿಯಾಕ್ಷನ್ ಏಟಿನಲ್ಲಿ ಆ ಕಳೆಯುವಿಕೆಯನ್ನು ಬಳಸಲೇಬೇಡಿ.

ಎಂಟನೇ ಲೆವೆಲ್‌ನಲ್ಲಿ ನಾನು ಹೇಳುವುದು ಇವೆರಡೂ ಅಲ್ಲ, ರೆಸಿಲಿಯಂಟ್ ಫೀಟ್, ವಿಸ್ಡಮ್‌ಗೆ. 13 ಆಗ 14 ಆಗುತ್ತದೆ, ವಿಸ್ಡಮ್ ಸೇವ್‌ಗೆ ಪ್ರೊಫಿಷಿಯನ್ಸಿ (ಲೆವೆಲ್ ಜೊತೆ ಬೆಳೆಯುವ ಪರಿಣತಿಯ ಅಂಕ) ಸೇರುತ್ತದೆ, +1 ಇದ್ದದ್ದು ಒಮ್ಮೆಲೇ +5. ಡಿಸಿ (ಸೇವ್ ಮುಟ್ಟಬೇಕಾದ ಅಂಕ) 15ರ ಮಂತ್ರಕ್ಕೆ ತಪ್ಪಿಸಿಕೊಳ್ಳುವ ಸಾಧ್ಯತೆ ಶೇಕಡಾ 35ರಿಂದ 55ಕ್ಕೆ ಏರುತ್ತದೆ. ಫೈಟರ್‌ನ ಸ್ವಂತ ಸೇವ್‌ಗಳು ಸ್ಟ್ರೆಂಗ್ತ್ ಮತ್ತು ಕಾನ್‌ಸ್ಟಿಟ್ಯೂಷನ್. ಶತ್ರು ಮಂತ್ರವಾದಿಗಳು ಫೈಟರ್‌ಗಳನ್ನು ಉರುಳಿಸುವುದು ವಿಸ್ಡಮ್ ಕಡೆಯಿಂದ. ಹೋಲ್ಡ್ ಪರ್ಸನ್ ಬಿತ್ತೆಂದರೆ ನೀವು ಪ್ಯಾರಲೈಸ್, ಐದು ಅಡಿಯೊಳಗಿನಿಂದ ತಗಲಿದ ಪ್ರತಿ ಏಟೂ ಕ್ರಿಟಿಕಲ್, ರಿಯಾಕ್ಷನ್ ಇಲ್ಲ, ವಿಜರ್ಡ್‌ಗೆ ರಕ್ಷಣೆ ಇಲ್ಲ. ನಿಂತಲ್ಲೇ ಮರಗಟ್ಟಿದ ಫೈಟರ್‌ನ ಡ್ಯಾಮೇಜ್ ಸೊನ್ನೆ, ಅವನ ಸ್ಟ್ರೆಂಗ್ತ್ 20 ಇದ್ದರೂ. ಒಂಬತ್ತನೇ ಲೆವೆಲ್‌ನ ಇಂಡಾಮಿಟಬಲ್ ತಪ್ಪಿದ ಸೇವ್ ಒಂದನ್ನು ಮತ್ತೆ ಉರುಳಿಸಲು ಬಿಡುತ್ತದೆ. ಆ ಮರುದಾಳಕ್ಕೂ ವಿಸ್ಡಮ್ ಸೇವ್ ಗಟ್ಟಿ ಇದ್ದರೇ ಬೆಲೆ. ಫೈಟರ್‌ಗೆ ಆರನೇ ಮತ್ತು ಹದಿನಾಲ್ಕನೇ ಲೆವೆಲ್‌ನಲ್ಲಿ ಬಹುತೇಕ ಕ್ಲಾಸ್‌ಗಳಿಗೆ ಇಲ್ಲದ ಹೆಚ್ಚುವರಿ ಸುಧಾರಣೆ ಸಿಗುವುದರಿಂದ ಸ್ಟ್ರೆಂಗ್ತ್ 20ಕ್ಕೆ, ಗ್ರೇಟ್ ವೆಪನ್ ಮಾಸ್ಟರ್‌ಗೆ ಮುಂದೆ ಜಾಗ ಇದ್ದೇ ಇದೆ.

ಹಾಳೆಯ ಮೇಲೆ ಕಾಣದ ಇನ್ನೊಂದು ಸಂಗತಿ ನಿಮ್ಮ ತಂಡದ ಜೊತೆಗಿನ ಮಾತು. ನಿಮ್ಮ ವಿಜರ್ಡ್ ನಿಮ್ಮ 24 ಚೌಕಗಳ ಹಿಂದೆ ನಿಲ್ಲಬೇಕು. ಅವರು ಎಡಕ್ಕೆ 40 ಅಡಿ ಓಡಿ ಹೋದರೆ ಯಾವ ಫೀಟೂ ಅವರನ್ನು ಕಾಯದು. ಪ್ರತಿಯಾಗಿ ನಿಮ್ಮಿಂದ ಅವರಿಗೆ ಸಿಗುವುದು ತುಂಬಾ ದೊಡ್ಡದು. ಕಾನ್ಸಂಟ್ರೇಷನ್ ಹಿಡಿದಿರುವಾಗ ಏಟು ಬಿದ್ದರೆ ಅವರು ಕಾನ್‌ಸ್ಟಿಟ್ಯೂಷನ್ ಸೇವ್ ಮಾಡಬೇಕು, ಡಿಸಿ 10 ಅಥವಾ ಬಿದ್ದ ಡ್ಯಾಮೇಜ್‌ನ ಅರ್ಧ, ಯಾವುದು ಹೆಚ್ಚೋ ಅದು. ನೀವು ತಡೆದ ಒಂದೊಂದು ಏಟೂ ಅವರ ವೆಬ್ ಅಥವಾ ಹೇಸ್ಟ್‌ಅನ್ನು ಇನ್ನೊಂದು ರೌಂಡ್ ಬದುಕಿಸುತ್ತದೆ. ಹಾಗೆ ಗೆದ್ದ ಕಾಳಗದಲ್ಲಿ ಅವರ ಮಂತ್ರ ಕಣ್ಣಿಗೆ ಕಂಡರೂ ಅದರಲ್ಲಿ ಅರ್ಧ ನಿಮ್ಮದು. ಇದನ್ನು ಮನಸ್ಸಾರೆ ಹೇಳುತ್ತಿದ್ದೇನೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಅದರಲ್ಲಿ ಇದ್ದ ಕ್ಲಾಸ್‌ಗಳು ಮೂರೇ, ಅದರಲ್ಲಿ ಒಂದು ಹೋರಾಟಗಾರನದು. ಐವತ್ತು ವರ್ಷ ದಾಟಿದರೂ ಅವನಿಲ್ಲದ ತಂಡ ಹೇಗೆ ಒದ್ದಾಡುತ್ತದೆ ಎಂಬುದನ್ನು ಒಮ್ಮೆ ಆಡಿ ನೋಡಿದರೆ ಗೊತ್ತಾಗುತ್ತದೆ.

ತಂಡಕ್ಕೆ ಹೇಳಬೇಕಾದ್ದು ಇನ್ನೊಂದಿದೆ: ಶಾರ್ಟ್ ರೆಸ್ಟ್ ಕೇಳಿ ತೆಗೆದುಕೊಳ್ಳಿ. ಸೆಕೆಂಡ್ ವಿಂಡ್, ಆಕ್ಷನ್ ಸರ್ಜ್, ನಾಲ್ಕು ಡಿ8, ಮೂರೂ ಒಂದು ಗಂಟೆಯ ವಿಶ್ರಾಂತಿಗೆ ತುಂಬಿ ಬರುತ್ತವೆ. ರಾತ್ರಿಯ ನಿದ್ದೆಗೆ ಮಾತ್ರ ನಿಲ್ಲುವ ತಂಡದಲ್ಲಿ ಫೈಟರ್ ಅರ್ಧ ಬಲದಲ್ಲಿ ಆಡುತ್ತಿರುತ್ತಾನೆ.

ಹಾರುವ ಶತ್ರುಗಳಿಗಾಗಿ ನಾಲ್ಕೈದು ಜಾವೆಲಿನ್ ಬೆನ್ನಿಗಿರಲಿ. ಅವು ಸ್ಟ್ರೆಂಗ್ತ್‌ನಲ್ಲೇ ಎಸೆಯುವಂಥವು, ನಿಮ್ಮ ಡೆಕ್ಸ್ಟೆರಿಟಿ 10 ಅಡ್ಡ ಬರುವುದಿಲ್ಲ. ಒಂದು ಟರ್ನ್‌ನಲ್ಲಿ ಪುಕ್ಕಟೆಯಾಗಿ ಒಂದೇ ವಸ್ತು ಹೊರತೆಗೆಯಬಹುದು, ಆದ್ದರಿಂದ ಎರಡನೇ ಏಟಿಗೂ ಬೇಕಾದರೆ ಒಂದು ಮೊದಲೇ ಕೈಯಲ್ಲಿರಬೇಕು.

ನಿಮ್ಮ ಡಿಎಂ ಫೀಟ್‌ಗಳನ್ನೇ ಬಿಡುವುದಿಲ್ಲ ಎಂದರೆ? 2014ರ ನಿಯಮದಲ್ಲಿ ಫೀಟ್ ಐಚ್ಛಿಕ, ಹಾಗಾಗಿ ಕೇಳಿಕೊಳ್ಳುವುದು ಒಳ್ಳೆಯದು. ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ 2023ರಿಂದ ಉಚಿತವಾಗಿ ಸಿಗುವ ನಿಯಮ ದಾಖಲೆ ಮಾತ್ರ ಬಳಸುವ ತಂಡಗಳಲ್ಲೂ ಇದೇ ಪರಿಸ್ಥಿತಿ. ಆ 5.1 ದಾಖಲೆಯಲ್ಲಿ ಫೈಟರ್‌ಗೆ ಚಾಂಪಿಯನ್ ಒಂದೇ ದಾರಿ, ಫೀಟ್ ಕೂಡ ಗ್ರ್ಯಾಪ್ಲರ್ ಒಂದೇ. ಆಗ ಒಂದು ಕೈಯಲ್ಲಿ ಲಾಂಗ್‌ಸೋರ್ಡ್, ಇನ್ನೊಂದರಲ್ಲಿ ಗುರಾಣಿ, ಡಿಫೆನ್ಸ್ ಸ್ಟೈಲ್, ಎಸಿ 19. ಐದನೇ ಲೆವೆಲ್‌ನಿಂದ ಎರಡು ಅಟ್ಯಾಕ್‌ಗಳಲ್ಲಿ ಒಂದನ್ನು ಶವ್‌ಗೆ (ತಳ್ಳುವುದಕ್ಕೆ) ಕೊಟ್ಟು ಶತ್ರುವನ್ನು ಬೀಳಿಸಿ, ಅಥ್ಲೆಟಿಕ್ಸ್ +6 ನಿಮ್ಮ ಕೈಯಲ್ಲಿದೆ, ಇನ್ನೊಂದನ್ನು ಅಡ್ವಾಂಟೇಜ್‌ನಲ್ಲಿ ಹೊಡೆಯಿರಿ. ಬಿದ್ದವನು ಏಳಲು ಅರ್ಧ ನಡಿಗೆ ಕಳೆದುಕೊಳ್ಳುತ್ತಾನೆ, ಅಷ್ಟರಲ್ಲಿ ವಿಜರ್ಡ್ ದೂರ ಹೋಗಿರುತ್ತಾರೆ. ಕತ್ತಿಯನ್ನು ಒರೆಗೆ ಹಾಕಿ ಆ ಕೈಯಿಂದ ಗ್ರ್ಯಾಪಲ್ ಮಾಡಿದರೆ (ಹಿಡಿದುಕೊಂಡರೆ) ಅವನ ನಡಿಗೆ ಸೊನ್ನೆ. ನಡಿಗೆ ಸೊನ್ನೆಯಾದವನು ಬಿದ್ದಲ್ಲಿಂದ ಏಳಲಾರ. ಒಬ್ಬನೇ ದೊಡ್ಡ ಶತ್ರು ಇರುವ ಕಾಳಗದಲ್ಲಿ ಇದು ತುಂಬ ಪರಿಣಾಮಕಾರಿ. ಆದರೆ ಶವ್, ಗ್ರ್ಯಾಪಲ್ ಎರಡೂ ನಿಮಗಿಂತ ಒಂದು ಅಳತೆ ದೊಡ್ಡವರವರೆಗೆ ಮಾತ್ರ.

ನಿಮ್ಮ ತಂಡ ಮುಂದೆ 2024ರ ನಿಯಮಗಳಿಗೆ ಹೋಗುವ ಯೋಚನೆಯಲ್ಲಿದ್ದರೆ ಮೇಲಿನ ಪಾತ್ರವನ್ನು ಹಾಗೆಯೇ ಎತ್ತಿಕೊಂಡು ಹೋಗಬೇಡಿ. ಅಲ್ಲಿ ಪೋಲ್‌ಆರ್ಮ್ ಮಾಸ್ಟರ್‌ನ ಏಟು ರಿಯಾಕ್ಷನ್ ಹೌದು, ಆದರೆ ಅದನ್ನು ಆಪರ್ಚುನಿಟಿ ಅಟ್ಯಾಕ್ ಎಂದು ಕರೆದಿಲ್ಲ. ಸೆಂಟಿನೆಲ್ ನಿಲ್ಲಿಸುವುದು ಆಪರ್ಚುನಿಟಿ ಅಟ್ಯಾಕ್ ತಗಲಿದವನನ್ನು ಮಾತ್ರ. ಅಂದರೆ ಒಳಗೆ ಬರುವವನಿಗೆ ಏಟು ಬೀಳುತ್ತದೆ, ಅವನು ನಿಲ್ಲುವುದಿಲ್ಲ. ಎರಡೂ ಫೀಟ್‌ಗಳು ನಾಲ್ಕನೇ ಲೆವೆಲ್‌ಗಿಂತ ಮುಂಚೆ ಸಿಗುವುದೂ ಇಲ್ಲ. ಗ್ರೇಟ್ ವೆಪನ್ ಮಾಸ್ಟರ್‌ನಲ್ಲಿ ಐದು ಕಳೆದು ಹತ್ತು ಸೇರಿಸುವ ಆಟ ಹೋಗಿ, ಡ್ಯಾಮೇಜ್‌ಗೆ ಪ್ರೊಫಿಷಿಯನ್ಸಿ ಸೇರುವ ವ್ಯವಸ್ಥೆ ಬಂದಿದೆ. ಪ್ರತಿಯಾಗಿ ಫೈಟರ್‌ಗೆ ಮೊದಲ ಲೆವೆಲ್‌ನಲ್ಲೇ ಮೂರು ಆಯುಧಗಳ ಮಾಸ್ಟರಿ (ಆಯುಧದ ವಿಶೇಷ ಗುಣ ಬಳಸುವ ಹಕ್ಕು) ಸಿಗುತ್ತದೆ. ನಿಮ್ಮ ಕೆಲಸಕ್ಕೆ ಅಲ್ಲಿ ನಾನು ಆರಿಸುವುದು ಬ್ಯಾಟಲ್‌ಆಕ್ಸ್ ಮತ್ತು ಗುರಾಣಿ. ಅದರ ಟಾಪಲ್ ಗುಣದಿಂದ ತಗಲಿದ ಪ್ರತಿ ಏಟಿಗೂ ಶತ್ರು ಕಾನ್‌ಸ್ಟಿಟ್ಯೂಷನ್ ಸೇವ್ ಮಾಡಬೇಕು, ತಪ್ಪಿದರೆ ನೆಲಕ್ಕೆ. ರಿಯಾಕ್ಷನ್‌ನಲ್ಲಿ ಹೊಡೆದ ಏಟಿಗೂ ಇದು ಅನ್ವಯಿಸುತ್ತದೆ.